ಬೇಲಿ ಹಾಕುವ ಮುಂಚೆ ನಮ್ಮನ್ನು ಕೇಳಿದರು

ಅಮೆರಿಕದ ಕೊಲರಾಡೊ ರಾಜ್ಯಕ್ಕೆ ಬರುವ ಕನ್ನಡದ ಗೆಳೆಯರನ್ನು ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋದರೆ, ಮೊರೇನ್ ಪಾರ್ಕ್ ಅನ್ನೋ ಹುಲ್ಲುಗಾವಲಿನ ಹತ್ತಿರ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ. "ರಾಷ್ಟ್ರೀಯ ಉದ್ಯಾನದ ಒಳಗೆ ಇಷ್ಟೆತ್ತರದ ತಂತಿ ಬೇಲಿ ಯಾಕೆ?" ಬೇಲಿಯ ಒಳಗೆ ಗಿಡಗಳು ದಟ್ಟವಾಗಿ ಬೆಳೆದಿವೆ. ಹೊರಗೆ ಹುಲ್ಲು, ಅಲ್ಲಲ್ಲಿ ಗಿಡ್ಡಗೆ ಕೂತ ಪೊದೆ. ಫೋಟೋಗೆ ಚೆಂದ ಕಾಣಲ್ಲ, ನಿಜ. ಆದರೆ ಆ ಬೇಲಿ ಹಾಕುವ ಮುಂಚೆ ಉದ್ಯಾನದವರು ಜನರನ್ನು ಕೇಳಿದರು. ನಾನೂ ನನಗೆ ತಿಳಿದದ್ದನ್ನು ಹೇಳಿದೆ. ಆ ಕೇಳುವ ಕೆಲಸ ಹೇಗೆ ನಡೆಯಿತು, ಒಬ್ಬ ಸಾಮಾನ್ಯ ಮನುಷ್ಯನಿಗೆ ಅದರಲ್ಲಿ ಎಷ್ಟು ಜಾಗ ಇತ್ತು ಅಂತ ಬರೆದಿಡಬೇಕು ಅನ್ನಿಸಿದೆ.

ಮೊದಲು ಎಲ್ಕ್ ಬಗ್ಗೆ ಹೇಳಬೇಕು. ಎಲ್ಕ್ ಅಂದರೆ ನಮ್ಮ ಕಡವೆಯ ಜಾತಿಗೇ ಹತ್ತಿರದ ಪ್ರಾಣಿ, ಅದಕ್ಕಿಂತ ದೊಡ್ಡದು. 1800ರ ದಶಕದ ಕೊನೆಯ ಹೊತ್ತಿಗೆ ಈ ಕಣಿವೆಯಲ್ಲಿದ್ದ ಎಲ್ಕ್‌ಗಳನ್ನು ಬೇಟೆಗಾರರು ಹೆಚ್ಚುಕಡಿಮೆ ಮುಗಿಸಿಬಿಟ್ಟಿದ್ದರು. ಆಮೇಲೆ ಪಕ್ಕದ ಎಸ್ಟೆಸ್ ಪಾರ್ಕ್ ಊರಿನವರೇ ಮುಂದೆ ನಿಂತು, ಅರಣ್ಯ ಇಲಾಖೆಯ ಜೊತೆ ಸೇರಿ, 1913 ಮತ್ತು 1914ರಲ್ಲಿ ಯೆಲ್ಲೋಸ್ಟೋನ್ ಕಡೆಯಿಂದ 49 ಎಲ್ಕ್ ತರಿಸಿ ಬಿಟ್ಟರು. 1915ರಲ್ಲಿ ರಾಷ್ಟ್ರೀಯ ಉದ್ಯಾನ ಆಯಿತು. ಒಳಗೆ ಬೇಟೆ ನಿಂತಿತು. ಅಷ್ಟು ಹೊತ್ತಿಗೆ ತೋಳವೂ ಇಲ್ಲ, ಗ್ರಿಜ್ಲಿ ಕರಡಿಯೂ ಇಲ್ಲ. ಎಲ್ಕ್ ಹೆಚ್ಚುತ್ತಾ ಹೋಯಿತು. ಕೆಲವು ದಶಕ ರೇಂಜರ್‌ಗಳೇ ಗುಂಡು ಹೊಡೆದು ಸಂಖ್ಯೆ ಇಳಿಸುತ್ತಿದ್ದರು. 1960ರ ದಶಕದ ಕೊನೆಗೆ ಅದನ್ನೂ ಬಿಟ್ಟರು. ಪ್ರಕೃತಿಯೇ ನೋಡಿಕೊಳ್ಳುತ್ತದೆ, ಉದ್ಯಾನದ ಹೊರಗಿನ ಬೇಟೆಯೂ ಇದೆಯಲ್ಲ ಅನ್ನೋ ಲೆಕ್ಕ. ಆದರೆ ಹೊರಗಿನ ಕಣಿವೆ ಊರಾಯಿತು. ಮನೆಗಳು, ಗಾಲ್ಫ್ ಮೈದಾನಗಳು ಬಂದವು. ಊರೊಳಗೆ ಬೇಟೆ ಆಡುವಂತಿಲ್ಲ, ನೀರು ಹಾಯಿಸಿದ ಹುಲ್ಲು ಬೇಕಾದಷ್ಟು. ಎಲ್ಕ್‌ಗೆ ಅದಕ್ಕಿಂತ ಸುಖದ ಜಾಗ ಇನ್ನೇನು ಬೇಕು? 1990ರ ದಶಕದ ಕೊನೆಗೆ ಉದ್ಯಾನ ಮತ್ತು ಊರು ಸೇರಿ ಅವುಗಳ ಸಂಖ್ಯೆ 2,800ರಿಂದ 3,500ರವರೆಗೆ ಹೋಗಿತ್ತು.

ಹೆಚ್ಚಾದರೆ ಏನು ತೊಂದರೆ ಅಂತ ನಾನೂ ಅಂದುಕೊಳ್ಳುತ್ತಿದ್ದೆ. ನೋಡೋಕೆ ಚೆಂದ ಅಲ್ವಾ? ಸೆಪ್ಟೆಂಬರ್‌ನಲ್ಲಿ ಗಂಡು ಎಲ್ಕ್ ಕೂಗುವುದನ್ನು ಕೇಳಲು ದೂರದೂರದಿಂದ ಜನ ಬರುತ್ತಾರೆ. ತೊಂದರೆ ಇರುವುದು ನೆಲದ ಹತ್ತಿರ. ಇಲ್ಲಿನ ಆಸ್ಪೆನ್ ಮರ ಹೆಚ್ಚಾಗಿ ಬೇರಿನಿಂದಲೇ ಚಿಗುರೊಡೆಯುತ್ತದೆ. ಆ ಚಿಗುರನ್ನು ಎಲ್ಕ್ ಚಳಿಗಾಲದಲ್ಲಿ ಕಡಿದು ಹಾಕುತ್ತದೆ. ಹಳೆಯ ಮರಗಳ ತೊಗಟೆಯನ್ನೂ ಹಲ್ಲಿನಿಂದ ಕೆರೆದು ತಿನ್ನುತ್ತದೆ. ಅದರ ಬಾಯಿ ಎಟುಕುವಷ್ಟು ಎತ್ತರಕ್ಕೆ ಬಿಳಿ ಕಾಂಡವೆಲ್ಲ ಕಪ್ಪು ಗಾಯ. ಮುದುಕ ಮರಗಳು ಬೀಳುತ್ತವೆ, ಹೊಸದು ಏಳುವುದಿಲ್ಲ. ಹೊಳೆ ದಂಡೆಯ ವಿಲ್ಲೋ ಗಿಡಗಳ ಕಥೆಯೂ ಅದೇ. ಅವು ಮೊಣಕಾಲೆತ್ತರದಲ್ಲೇ ನಿಂತುಬಿಡುತ್ತವೆ. ಹೊಳೆಗೆ ಕೊಂಬೆಗಳಿಂದ ಅಣೆ ಕಟ್ಟಿ ಬಾಳುವ ಬೀವರ್ ಅನ್ನೋ ಪ್ರಾಣಿ ಇದೆ. ವಿಲ್ಲೋ ಎತ್ತರಕ್ಕೆ ಬೆಳೆಯದಿದ್ದರೆ ಬೀವರ್‌ಗೆ ಊಟವಿಲ್ಲ, ಅಣೆಕಟ್ಟು ಕಟ್ಟಲು ಕೊಂಬೆಯಿಲ್ಲ. ಬೀವರ್ ಹೋದರೆ ಅದರ ಪುಟ್ಟ ಅಣೆಗಳೂ ಒಡೆಯುತ್ತವೆ. ನೀರು ನಿಲ್ಲದೆ ಹರಿದುಹೋಗಿ ನೆಲದೊಳಗಿನ ನೀರು ಕೆಳಗಿಳಿಯುತ್ತದೆ. ನೀರು ಇಳಿದ ಮೇಲೆ ವಿಲ್ಲೋ ಮತ್ತೆ ಹುಟ್ಟುವುದೂ ಕಷ್ಟ. ಹಕ್ಕಿ, ಚಿಟ್ಟೆ, ಮೀನು ಎಲ್ಲದಕ್ಕೂ ಪೆಟ್ಟು. 1990ರ ದಶಕದಲ್ಲಿ ಸಂಶೋಧಕರು ಹಾಕಿದ್ದ ಚಿಕ್ಕ ಬೇಲಿಗಳ ಒಳಗೆ ಮಾತ್ರ ವಿಲ್ಲೋ ಮೇಲೆದ್ದಿತ್ತು. ಅದನ್ನು ಕಣ್ಣಾರೆ ನೋಡಿದ ಮೇಲೆ ನನಗೆ ಬೇರೆ ವಾದ ಬೇಕಾಗಲಿಲ್ಲ.

ಉದ್ಯಾನದವರು ಜನರ ಜೊತೆ ಮಾತು ಶುರು ಮಾಡಿದ್ದು 2003ರಲ್ಲಿ. ಇಲ್ಲಿ 1970ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಪರಿಸರ ನೀತಿ ಕಾನೂನು ಇದೆ. ಆಗಿನ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಸಂಸ್ಥೆ ಇಂಥ ದೊಡ್ಡ ಕೆಲಸಕ್ಕೆ ಕೈ ಹಾಕುವ ಮುಂಚೆ ಮೊದಲು ಸಮಸ್ಯೆ ಏನು ಅಂತ ಜನರ ಮುಂದೆ ಇಡಬೇಕಿತ್ತು. ಬೇರೆ ಬೇರೆ ದಾರಿಗಳನ್ನು ಹೋಲಿಸಿ ಕರಡು ವರದಿ ಬರೆಯಬೇಕಿತ್ತು. ಅದರ ಮೇಲೆ ಜನರ ಅಭಿಪ್ರಾಯ ಪಡೆಯಬೇಕಿತ್ತು. ಬಂದ ಅಭಿಪ್ರಾಯಗಳಿಗೆ ಉತ್ತರ ಬರೆದು ಅಂತಿಮ ವರದಿ ಹೊರಡಿಸಬೇಕಿತ್ತು. ಆಮೇಲಷ್ಟೇ ತೀರ್ಮಾನಕ್ಕೆ ಸಹಿ. ಇಲ್ಲಿ ಉದ್ಯಾನದ ಜೊತೆ ರಾಜ್ಯದ ವನ್ಯಜೀವಿ ಇಲಾಖೆ, ಎಸ್ಟೆಸ್ ಪಾರ್ಕ್ ಊರು, ನಮ್ಮ ಜಿಲ್ಲೆಗಳಂಥ ಅಕ್ಕಪಕ್ಕದ ಕೌಂಟಿಗಳೂ ಕೂತಿದ್ದವು. ಎಲ್ಕ್‌ಗೆ ಗಡಿ ಗೊತ್ತಿಲ್ಲ. ಬೆಳಿಗ್ಗೆ ಉದ್ಯಾನದಲ್ಲಿ, ಸಂಜೆ ಯಾರದೋ ಮನೆಯ ಅಂಗಳದಲ್ಲಿ.

ನನಗೆ ವಿಷಯ ಗೊತ್ತಾಗಿದ್ದು ಊರ ಲೈಬ್ರರಿಯ ಫಲಕದಲ್ಲಿ ಅಂಟಿಸಿದ್ದ ಪ್ರಕಟಣೆಯಿಂದ. 2006ರ ವಸಂತದಲ್ಲಿ ಕರಡು ಬಂದಿತ್ತು. ನಾನಾಗ ಕೆಲಸದ ವೀಸಾದಲ್ಲಿದ್ದೆ. ಈ ದೇಶದ ಪ್ರಜೆಯಲ್ಲದವನು ಇಂಥದ್ದರಲ್ಲಿ ಬಾಯಿ ಹಾಕಬಹುದಾ ಅನ್ನೋ ಅಳುಕು. ಉದ್ಯಾನದ ಕಚೇರಿಗೆ ಫೋನ್ ಮಾಡಿ ಕೇಳಿದೆ. ಯಾರು ಬೇಕಾದರೂ ಬರೆಯಬಹುದು, ಪೌರತ್ವ ಕೇಳುವುದಿಲ್ಲ ಅಂದರು. ಒಂದು ಎಚ್ಚರಿಕೆಯನ್ನೂ ಕೊಟ್ಟರು: ಬರೆದದ್ದು ಸಾರ್ವಜನಿಕ ದಾಖಲೆಯಾಗುತ್ತದೆ, ಹೆಸರು ವಿಳಾಸ ಬರೆದರೆ ಅದೂ ಹೊರಗೆ ಹೋಗಬಹುದು. ಇಷ್ಟು ನೇರವಾಗಿ ಹೇಳಿದ್ದು ನನಗೆ ಇಷ್ಟವಾಯಿತು.

ಕರಡು ವರದಿ ನೂರಾರು ಪುಟ. ಲೈಬ್ರರಿಯಲ್ಲಿ ಒಂದು ಪ್ರತಿ ಇಟ್ಟಿದ್ದರು. ಸಂಜೆ ಕೆಲಸ ಮುಗಿಸಿ ಹೋಗಿ ಕೂರುತ್ತಿದ್ದೆ. ಮೊದಲ ಪುಟದಿಂದ ಓದುತ್ತಾ ಹೋದರೆ ಸುಸ್ತಾಗುತ್ತದೆ. ನನ್ನ ಸಲಹೆ ಕೇಳಿದರೆ, ಬೇರೆ ಬೇರೆ ದಾರಿಗಳನ್ನು ಅಕ್ಕಪಕ್ಕ ಇಟ್ಟು ತೋರಿಸುವ ಕೋಷ್ಟಕದಿಂದ ಶುರು ಮಾಡಬೇಕು. ಜಗಳ ಎಲ್ಲಿದೆ ಅನ್ನೋದು ಅಲ್ಲೇ ಗೊತ್ತಾಗಿಬಿಡುತ್ತದೆ.

ಐದು ದಾರಿ ಇದ್ದವು. ಮೊದಲನೆಯದು ಈಗ ಇರುವಂತೆಯೇ ಬಿಡುವುದು. ಇಂಥ ವರದಿಗಳಲ್ಲಿ ಏನೂ ಮಾಡದೆ ಇದ್ದರೆ ಏನಾಗುತ್ತದೆ ಅನ್ನುವುದನ್ನೂ ಬರೆಯಲೇಬೇಕು. ಎರಡನೆಯದು ಕರಡಿನಲ್ಲಿ ಉದ್ಯಾನಕ್ಕೆ ಒಪ್ಪಿಗೆಯಾಗಿದ್ದ ದಾರಿ: ಮೊದಲ ನಾಲ್ಕು ವರ್ಷ ವರ್ಷಕ್ಕೆ 200ರಿಂದ 700 ಎಲ್ಕ್ ಕೊಂದು ಸಂಖ್ಯೆಯನ್ನು ಬೇಗ ಇಳಿಸುವುದು, ಆಮೇಲೆ ಕಡಿಮೆ ಪ್ರಮಾಣದಲ್ಲಿ ಮುಂದುವರಿಸುವುದು. ಮೂರನೆಯದು ನಿಧಾನದ ದಾರಿ. ಕೊಲ್ಲುವುದು ಕಡಿಮೆ, ಬೇಲಿ ಜಾಸ್ತಿ. ನಾಲ್ಕನೆಯದು ಹೆಣ್ಣು ಎಲ್ಕ್‌ಗೆ ಗರ್ಭ ನಿಲ್ಲದಂತೆ ಔಷಧ ಕೊಡುವುದು. ಐದನೆಯದು ತೋಳ ತರುವುದು. ಆದರೆ ತೋಳ ತಾನಾಗಿ ಬಾಳಲು ಅಲ್ಲ. ಹೆಚ್ಚೆಂದರೆ 14 ತೋಳ, ಪ್ರತಿಯೊಂದರ ಮೇಲೂ ಕಣ್ಣಿಟ್ಟು, ಗಡಿ ದಾಟದಂತೆ ನೋಡಿಕೊಳ್ಳುವ ಲೆಕ್ಕ.

ಹಿಡಿದು ಬೇರೆ ಕಡೆ ಬಿಟ್ಟರೆ ಆಗದಾ ಅಂತ ಎಲ್ಲರಿಗೂ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಅದಕ್ಕೂ ವರದಿಯಲ್ಲಿ ಉತ್ತರ ಇತ್ತು. ಜಿಂಕೆ ಜಾತಿಗಳಿಗೆ ಬರುವ, ಮಿದುಳು ಕೆಡಿಸಿ ಸೊರಗಿಸಿ ಕೊಲ್ಲುವ ಒಂದು ಕಾಯಿಲೆ ಇದೆ. ಅದಕ್ಕೆ ಮದ್ದಿಲ್ಲ. ಕಾಡಿನ ಎಲ್ಕ್‌ನಲ್ಲಿ ಅದು ಮೊದಲು ಪತ್ತೆಯಾದದ್ದೇ ಈ ಉದ್ಯಾನದಲ್ಲಿ, 1981ರಲ್ಲಿ. ಹಾಗಾಗಿ ಇಲ್ಲಿನ ಎಲ್ಕ್ ಇನ್ನೊಂದು ಕಾಡಿಗೆ ಹೋದರೆ ಕಾಯಿಲೆಯೂ ಜೊತೆಗೆ ಹೋಗಬಹುದು.

ನಾನು ಗುಂಡ್ಲುಪೇಟೆ ಕಡೆಯವನು. ನಮ್ಮ ಜಮೀನಿಗೂ ಬಂಡೀಪುರದ ಕಾಡಿಗೂ ಜಾಸ್ತಿ ದೂರ ಇಲ್ಲ. ಆ ವಾರ ಅಪ್ಪನಿಗೆ ಫೋನ್ ಮಾಡಿದಾಗ ಈ ವಿಷಯ ಹೇಳಿದೆ.

"ಗಿಡ ತಿಂತು ಅಂತ ಕಡವೆ ಹೊಡೀತಾರಾ?" ಅಂದರು.

"ಕಡವೆ ಅಲ್ಲಪ್ಪ, ಅದಕ್ಕಿಂತ ದೊಡ್ಡದು. ಇನ್ನೂ ಹೊಡೆದಿಲ್ಲ. ಹೊಡೀಬೇಕಾ ಬೇಡ್ವಾ ಅಂತ ಜನರನ್ನ ಕೇಳ್ತಾ ಇದಾರೆ."

"ಜನರನ್ನ ಕೇಳ್ತಾರಾ?" ಅಂತ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಬಾಳೆತೋಟಕ್ಕೆ ಆನೆ ನುಗ್ಗಿದ್ರೆ ಬಂದು ಲೆಕ್ಕ ಬರ್ಕೊಂಡು ಹೋಗ್ತಾರೆ. ಏನು ಮಾಡೋಣ ಅಂತ ಯಾರು ಕೇಳಿದಾರಪ್ಪ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅಪ್ಪನೇ ಮಾತು ಮುಂದುವರಿಸಿದರು. ಹೊಡೆದ ಮಾಂಸ ಏನು ಮಾಡ್ತಾರೆ ಅಂತ ಕೇಳಿದರು. ಆಮೇಲೆ ಬೇಲಿಯ ಮಾತು ಬಂತು. "ಬೇಲಿ ಹಾಕೋದು ದೊಡ್ಡ ವಿಷಯ ಅಲ್ಲ ಮಗ. ಹಾಕಿದ ವರ್ಷ ಎಲ್ಲಾ ಚೆನ್ನಾಗಿರತ್ತೆ. ಆಮೇಲೆ ಒಂದು ಕಂಬ ಬಿದ್ರೆ ಸಾಕು, ಅಲ್ಲೇ ದಾರಿ. ನೋಡ್ಕೊಳ್ಳೋರು ಯಾರು ಅಂತ ಕೇಳು."

ನಾನು ಆ ಎರಡೂ ಪ್ರಶ್ನೆ ಬರೆದಿಟ್ಟುಕೊಂಡೆ. ಕಾಡಂಚಿನಲ್ಲಿ ಬದುಕು ಕಳೆದವರು ಕೇಳುವ ಪ್ರಶ್ನೆಗೆ ಒಂದು ತೂಕ ಇರುತ್ತದೆ.

ಎಸ್ಟೆಸ್ ಪಾರ್ಕ್‌ನಲ್ಲಿ ನಡೆದ ಸಾರ್ವಜನಿಕ ಸಭೆಗೆ ಹೋದೆ. ವೇದಿಕೆ, ಭಾಷಣ, ಮೈಕಿನ ಮುಂದೆ ಕೂಗಾಟ ಅಂತ ಅಂದುಕೊಂಡಿದ್ದೆ. ಹಾಗಿರಲಿಲ್ಲ. ಗೋಡೆಯುದ್ದಕ್ಕೂ ನಕ್ಷೆ, ಚಿತ್ರ. ಒಂದೊಂದು ಮೇಜಿನ ಹತ್ತಿರ ಒಬ್ಬೊಬ್ಬ ಅಧಿಕಾರಿ ಅಥವಾ ಜೀವಶಾಸ್ತ್ರಜ್ಞರು. ನಡೆದುಕೊಂಡು ಹೋಗಿ ಕೇಳಬೇಕು, ಹೇಳಬೇಕು. ಒಂದು ಮೂಲೆಯಲ್ಲಿ ಅಭಿಪ್ರಾಯ ಬರೆಯಲು ಹಾಳೆಗಳು.

ಅಲ್ಲಿ ಎಲ್ಲ ಥರದ ಜನ ಇದ್ದರು. ಒಬ್ಬ ಹೆಂಗಸಿನ ಕಣ್ಣಲ್ಲಿ ನೀರಿತ್ತು. ತನ್ನ ಅಂಗಳದಲ್ಲಿ ಮರಿ ಹಾಕಿದ ಎಲ್ಕ್‌ಗಳಿಗೆ ಗುಂಡು ಹೊಡೆಯುವುದನ್ನು ನೆನೆಸಿಕೊಳ್ಳಲೂ ಆಗುತ್ತಿಲ್ಲ ಅಂದರು. ಅವರ ಪಕ್ಕದಲ್ಲೇ ಒಬ್ಬ ಬೇಟೆಗಾರರು. ಕೊಲ್ಲಲೇಬೇಕು ಅಂದರೆ ಸರ್ಕಾರ ದುಡ್ಡು ಕೊಟ್ಟು ಬೇರೆಯವರನ್ನು ಯಾಕೆ ಕರೆಸಬೇಕು, ನಾವು ಲೈಸೆನ್ಸ್‌ಗೆ ದುಡ್ಡು ಕಟ್ಟಿ ಬರುತ್ತೇವಲ್ಲ ಅನ್ನೋದು ಅವರ ವಾದ. ಈ ಉದ್ಯಾನದಲ್ಲಿ ಬೇಟೆ ಆಡುವಂತಿಲ್ಲ ಅಂತ ಕಾನೂನೇ ಇದೆ, ಬದಲಿಸುವುದು ಸಂಸತ್ತಿನ ಕೈಯಲ್ಲಿದೆ ಅಂತ ಅಧಿಕಾರಿ ಅವರಿಗೆ ನಿಧಾನವಾಗಿ ವಿವರಿಸಿದರು. ಇನ್ನೊಂದು ಮೇಜಿನ ಸುತ್ತ ತೋಳದ ಪರ ಇರುವವರ ಗುಂಪು. ತೋಳ ಇಲ್ಲದೆ ಇದೆಲ್ಲ ತೇಪೆ ಕೆಲಸ ಅಂತ ಅವರ ಮಾತು. ಅದರಲ್ಲಿ ಸತ್ಯ ಇದೆ ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಆದರೆ ಉದ್ಯಾನ ಇರುವುದು ಸುಮಾರು 415 ಚದರ ಮೈಲಿ. ತೋಳದ ಒಂದು ಗುಂಪು ಓಡಾಡುವ ಜಾಗಕ್ಕೆ ಅದು ಸಾಲದೇ ಹೋಗಬಹುದು. ಗಡಿ ದಾಟಿದ ಕೂಡಲೇ ದನ ಸಾಕುವವರ ಜಮೀನು.

ಇಷ್ಟು ಭಿನ್ನ ಮನಸ್ಸಿನವರು ಒಂದೇ ಕೋಣೆಯಲ್ಲಿ ಇದ್ದರೂ ಮಾತು ಕೆಡಲಿಲ್ಲ. ಮೈಕ್ ಇಲ್ಲದಿದ್ದುದೇ ಅದಕ್ಕೆ ಕಾರಣ ಅಂತ ನನ್ನ ಭಾವನೆ. ಎದುರಿಗೆ ನಿಂತವರ ಮುಖ ನೋಡಿ ಮಾತಾಡುವಾಗ ಮನುಷ್ಯ ತಾನಾಗಿ ದನಿ ತಗ್ಗಿಸುತ್ತಾನೆ.

ಅಲ್ಲಿದ್ದ ಒಬ್ಬ ಜೀವಶಾಸ್ತ್ರಜ್ಞೆ ನನಗೆ ಹೇಳಿದ ಮಾತು ಬಹಳ ಉಪಯೋಗಕ್ಕೆ ಬಂತು. ಅಭಿಪ್ರಾಯ ಅಂದರೆ ವೋಟಲ್ಲ ಅಂದರು. ಸಾವಿರ ಜನ "ಕೊಲ್ಲಬೇಡಿ" ಅಂತ ಬರೆದರೆ ಅದನ್ನು ಗಮನಿಸುತ್ತಾರೆ, ಆದರೆ ಎಣಿಸಿ ಗೆಲುವು ಸೋಲು ಹೇಳುವುದಿಲ್ಲ. ಒಬ್ಬನೇ ಒಬ್ಬ, "ನಿಮ್ಮ ಈ ಪುಟದ ಅಂಕಿ ಸರಿಯಿಲ್ಲ", "ಈ ಪರಿಣಾಮವನ್ನು ನೀವು ಲೆಕ್ಕಕ್ಕೆ ತಗೊಂಡಿಲ್ಲ", "ಇನ್ನೊಂದು ದಾರಿ ಇದೆ ನೋಡಿ" ಅಂತ ಬರೆದರೆ ಅದಕ್ಕೆ ಉದ್ಯಾನ ಉತ್ತರ ಕೊಡಲೇಬೇಕು. ಬೇಕಾದರೆ ಯೋಜನೆಯನ್ನೂ ಬದಲಿಸಬೇಕು.

ಮನೆಗೆ ಬಂದು ಬರೆಯಲು ಕೂತೆ. ಮನಸ್ಸಿನಲ್ಲಿದ್ದ ಸಂಕಟವನ್ನು ಒಂದು ಸಾಲಿನಲ್ಲಿ ಹೇಳಿ, ಉಳಿದ ಜಾಗವನ್ನೆಲ್ಲ ಪ್ರಶ್ನೆಗಳಿಗೆ ಕೊಟ್ಟೆ. ಬೇಲಿಯ ಬಗ್ಗೆ ಅಪ್ಪನ ಪ್ರಶ್ನೆಯೇ ಮೊದಲು ಬಂತು. ಇಲ್ಲಿ ಹಿಮದ ಭಾರ ಇದೆ, ಗಾಳಿಗೆ ಮರ ಬೀಳುತ್ತದೆ. ಒಂದು ಕಡೆ ತಂತಿ ಜೋತು ಬಿದ್ದರೆ ಎಲ್ಕ್ ಒಳಗೆ ಬಂದು ವರ್ಷಗಳ ಚಿಗುರನ್ನು ಒಂದೇ ಚಳಿಗಾಲದಲ್ಲಿ ಮುಗಿಸುತ್ತದೆ. ಹಾಗಿದ್ದರೆ ಬೇಲಿಯನ್ನು ಎಷ್ಟು ದಿನಕ್ಕೊಮ್ಮೆ ನೋಡುತ್ತೀರಿ, ಅದಕ್ಕೆ ಜನ ಮತ್ತು ದುಡ್ಡು ಎಲ್ಲಿಂದ, ಬೇಲಿ ತೆಗೆಯುವುದು ಯಾವಾಗ ಅಂತ ಕೇಳಿದೆ. ಬಂಡೀಪುರದ ಅಂಚಿನ ಸೋಲಾರ್ ಬೇಲಿ, ಆನೆ ಕಂದಕಗಳ ಬಗ್ಗೆ ನಾನು ಬೆಳೆಯುತ್ತಾ ನೋಡಿದ್ದನ್ನೂ ನಾಲ್ಕು ಸಾಲು ಬರೆದೆ. ಎರಡನೆಯದು ವೇಗದ ಪ್ರಶ್ನೆ. ನಾಲ್ಕೇ ವರ್ಷದಲ್ಲಿ ಇಷ್ಟೊಂದು ಪ್ರಾಣಿ ತೆಗೆದರೆ, ಎಣಿಕೆಯಲ್ಲಿ ತಪ್ಪಿದ್ದರೆ ಹಿಂದಕ್ಕೆ ಹೋಗಲು ದಾರಿ ಇರುವುದಿಲ್ಲ. ನಿಧಾನಕ್ಕೆ ಮಾಡಿದರೆ ಪ್ರತಿ ವರ್ಷ ಎಣಿಸಿ, ಗಿಡ ಅಳೆದು, ಮುಂದಿನ ವರ್ಷದ ಸಂಖ್ಯೆ ನಿಗದಿ ಮಾಡಬಹುದಲ್ಲ? ಮೂರನೆಯದು, ಗಿಡ ಚಿಗುರಿತಾ ಇಲ್ಲವಾ ಅನ್ನೋ ಅಳತೆಯನ್ನು ಜನರಿಗೆ ತಿಳಿಸುತ್ತೀರಾ ಅಂತ.

ಮಾಂಸದ ಪ್ರಶ್ನೆಗೆ ಉತ್ತರ ವರದಿಯಲ್ಲೇ ಸಿಕ್ಕಿತು. ಕೊಂದ ಪ್ರಾಣಿಗಳಿಗೆ ಆ ಕಾಯಿಲೆ ಇದೆಯಾ ಅಂತ ಪರೀಕ್ಷೆ ಮಾಡಿ, ಸಾಧ್ಯವಾದಷ್ಟು ಮಾಂಸವನ್ನು ಜನರಿಗೆ ಕೊಡುವ ಯೋಚನೆ ಇತ್ತು. ಅದನ್ನು ಹೇಳಿದಾಗ ಅಪ್ಪನಿಗೆ ಸಮಾಧಾನವಾಯಿತು.

ಆಮೇಲೆ ಕಾಯುವ ಕಾಲ. ಈ ಕೆಲಸದ ಅತಿ ಕಷ್ಟದ ಭಾಗ ಇದೇ. ಬರೆದು ಕಳಿಸಿದ ಮೇಲೆ ತಿಂಗಳುಗಟ್ಟಲೆ ಏನೂ ಕೇಳಿಸುವುದಿಲ್ಲ. ಅಷ್ಟರಲ್ಲಿ ಅರ್ಧ ಜನಕ್ಕೆ ವಿಷಯವೇ ಮರೆತುಹೋಗುತ್ತದೆ.

2007ರ ಕೊನೆಗೆ ಅಂತಿಮ ವರದಿ ಬಂತು. ಉದ್ಯಾನದ ಆಯ್ಕೆ ಬದಲಾಗಿತ್ತು! ವೇಗದ ದಾರಿಯನ್ನು ಬಿಟ್ಟು ಮೂರನೆಯ, ನಿಧಾನದ ದಾರಿಯನ್ನು ಆರಿಸಿಕೊಂಡಿದ್ದರು. 20 ವರ್ಷದ ಯೋಜನೆ, ವರ್ಷಕ್ಕೆ ಹೆಚ್ಚೆಂದರೆ 200 ಎಲ್ಕ್, ಅದೂ ಆಯಾ ವರ್ಷದ ಎಣಿಕೆ ನೋಡಿ. ಒಟ್ಟು ಸಂಖ್ಯೆ 1,600ರಿಂದ 2,100ರ ನಡುವೆ ಇರಬೇಕು, ಅದರಲ್ಲಿ ಉದ್ಯಾನದೊಳಗೆ ಚಳಿಗಾಲ ಕಳೆಯುವುದು 600ರಿಂದ 800. ಆಸ್ಪೆನ್ ಮತ್ತು ವಿಲ್ಲೋ ಸೇರಿ 600 ಎಕರೆಯವರೆಗೆ ಬೇಲಿ. ನನ್ನ ಒಬ್ಬನ ಪತ್ರದಿಂದ ಇದಾಯಿತು ಅಂತ ನಾನು ಯಾವತ್ತೂ ಹೇಳಿಲ್ಲ. ಬೇರೆ ಇಲಾಖೆಗಳು, ಸಂಘಗಳು, ಎಷ್ಟೋ ಜನ ಬರೆದಿದ್ದರು. ವರದಿಯ ಹಿಂಭಾಗದಲ್ಲಿ ಅಭಿಪ್ರಾಯಗಳನ್ನು ವಿಷಯದ ಪ್ರಕಾರ ಗುಂಪು ಮಾಡಿ, ಒಂದೊಂದಕ್ಕೂ ಉತ್ತರ ಬರೆದಿದ್ದರು. ನಮ್ಮ ಮಾತು ಸೇರಬೇಕಾದ ಕಡೆ ಸೇರಿದೆ ಅನ್ನೋದು ಆ ಪುಟಗಳನ್ನು ತಿರುವಿದಾಗ ಗೊತ್ತಾಯಿತು. 2008ರ ಆರಂಭದಲ್ಲಿ ತೀರ್ಮಾನಕ್ಕೆ ಸಹಿ ಬಿತ್ತು.

ತೋಳದ ಪರ ಇದ್ದ ವೈಲ್ಡ್ ಅರ್ತ್ ಗಾರ್ಡಿಯನ್ಸ್ ಸಂಸ್ಥೆ ಅದೇ ವರ್ಷ ಕೋರ್ಟಿಗೆ ಹೋಯಿತು. ತೋಳ ಸಹಜವಾಗಿ ಬಾಳುವ ದಾರಿಯನ್ನು ಪೂರ್ತಿ ಪರಿಶೀಲಿಸಲಿಲ್ಲ ಅನ್ನೋದು ಒಂದು ದೂರು. ತರಬೇತಿ ಪಡೆದ ಸ್ವಯಂಸೇವಕರಿಂದ ಎಲ್ಕ್ ಕೊಲ್ಲಿಸುವುದು ಬೇಟೆ ನಿಷೇಧಕ್ಕೆ ವಿರುದ್ಧ ಅನ್ನೋದು ಇನ್ನೊಂದು. ಕೆಳಗಿನ ಕೋರ್ಟು ಉದ್ಯಾನದ ಪರ ತೀರ್ಪು ಕೊಟ್ಟಿತು. 2013ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸೋತರೂ ಆ ಸಂಸ್ಥೆಯವರ ಬಗ್ಗೆ ನನಗೆ ಗೌರವ ಇದೆ. ಯೋಜನೆಯ ಪ್ರತಿ ಸಾಲನ್ನೂ ಓದಿ ಪ್ರಶ್ನಿಸುವವರು ಒಬ್ಬರಾದರೂ ಬೇಕು.

ಜಾರಿಗೆ ಬರುವ ಹೊತ್ತಿಗೆ ಚಿತ್ರ ಇನ್ನಷ್ಟು ಬದಲಾಗಿತ್ತು. ಎಣಿಕೆಯಲ್ಲಿ ಎಲ್ಕ್ ಸಂಖ್ಯೆ ಆಗಲೇ ಇಳಿದಿತ್ತು. ಹಾಗಾಗಿ ಕೊಲ್ಲುವ ಕೆಲಸ ಕೆಲವೇ ಚಳಿಗಾಲ ನಡೆದು ನಿಂತಿತು. ವರ್ಷಕ್ಕೆ 200ರ ಮಿತಿಯ ಹತ್ತಿರಕ್ಕೂ ಹೋಗಲಿಲ್ಲ. ಮೊದಲ ಕರಡಿನ ವೇಗದಲ್ಲಿ ಹೊರಟಿದ್ದರೆ ಏನಾಗುತ್ತಿತ್ತು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬೇಲಿಗಳು ಮಾತ್ರ ಎದ್ದವು. ಮೊಲ, ನರಿ, ಬೀವರ್ ನುಸುಳಲು ಕೆಳಗೆ ಜಾಗ ಬಿಟ್ಟಿದ್ದಾರೆ. ಜನ ಒಳಗೆ ಹೋಗಲು ಗೇಟು ಇದೆ. ಒಳಗೆ ಹೋಗಿ ನೋಡಿದರೆ ವಿಲ್ಲೋ ನನ್ನ ತಲೆಗಿಂತ ಮೇಲೆ ನಿಂತಿದೆ.

ಅದರ ಮಧ್ಯೆ ನಾನು ಶರತ್ಕಾಲದಲ್ಲಿ ಉದ್ಯಾನದ ಸ್ವಯಂಸೇವಕನಾಗಿ ಸೇರಿದೆ. ಎಲ್ಕ್ ಬ್ಯೂಗಲ್ ಕೋರ್ ಅಂತ ಒಂದು ತಂಡ ಇದೆ. ಎಲ್ಕ್ ಬೆದೆಗೆ ಬರುವ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಂಜೆಯಿಂದ ಬೆಳಗಿನ ತನಕ ಹುಲ್ಲುಗಾವಲಿಗೆ ಕಾಲಿಡುವಂತಿಲ್ಲ. ರಸ್ತೆ ಬದಿ ಜನ ಸೇರುತ್ತಾರೆ. ಕಾರು ಸಾಲುಗಟ್ಟಿ ನಿಲ್ಲುತ್ತವೆ. ಅವರನ್ನು ದೂರ ನಿಲ್ಲಿಸಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು. ವರದಿ ಓದಿದ್ದು ಅಲ್ಲಿ ಕೆಲಸಕ್ಕೆ ಬಂತು. "ಇಷ್ಟೇನಾ ಎಲ್ಕ್, ಹಿಂದೆ ಎಷ್ಟೊಂದು ಇರ್ತಿತ್ತು" ಅಂತ ಬೇಜಾರು ಮಾಡಿಕೊಳ್ಳುವವರಿಗೆ ಮರದ ಕಪ್ಪು ಗಾಯ ತೋರಿಸಿ ಮಾತು ಶುರು ಮಾಡುತ್ತೇನೆ. ಒಂದು ಸಂಜೆ ಮೈಸೂರಿನಿಂದ ಬಂದಿದ್ದ ದಂಪತಿ ಸಿಕ್ಕಿದರು. ಆ ಅಮ್ಮ ಗಿಡದ ಕಥೆ ಪೂರ್ತಿ ಕೇಳಿ, "ಮೇಕೆ ಬಿಟ್ಟ ಬೆಟ್ಟದ ಹಾಗೇ ಆಗಿತ್ತು ಅನ್ನಿ" ಅಂದರು. ಅದಕ್ಕಿಂತ ಚೆನ್ನಾಗಿ ನಾನು ಯಾವತ್ತೂ ವಿವರಿಸಿಲ್ಲ.

ತೋಳದ ಕಥೆ ಬೇರೆ ದಾರಿಯಲ್ಲಿ ಬಂತು. 2020ರ ನವೆಂಬರ್‌ನಲ್ಲಿ ಕೊಲರಾಡೊಗೆ ತೋಳ ತರಬೇಕಾ ಅನ್ನೋದು ನೇರವಾಗಿ ಜನರ ವೋಟಿಗೆ ಬಂತು. 114ನೇ ಪ್ರಸ್ತಾವ ಅಂತ ಅದರ ಹೆಸರು. ಅಷ್ಟೊತ್ತಿಗೆ ನಾನು ಇಲ್ಲಿನ ಪ್ರಜೆಯಾಗಿದ್ದೆ. ತೋಳ ಮತ್ತೆ ಈ ಬೆಟ್ಟಗಳಲ್ಲಿ ಇರಬೇಕು ಅನ್ನೋದು ನನ್ನ ಮನಸ್ಸಿನ ಆಸೆ. ಆದರೂ ನಾನು ಬೇಡ ಅಂತ ವೋಟು ಹಾಕಿದೆ. ತೋಳ ಬರುವುದು ಪಶ್ಚಿಮದ ಕಣಿವೆಗಳಿಗೆ, ದನ ಸಾಕುವವರ ಪಕ್ಕಕ್ಕೆ. ವೋಟುಗಳು ಜಾಸ್ತಿ ಇರುವುದು ಡೆನ್ವರ್, ಬೋಲ್ಡರ್ ನಗರಗಳ ಕಡೆ, ನನ್ನಂಥವರ ಹತ್ತಿರ. ನಮ್ಮ ತೋಟದ ಆನೆಯ ವಿಷಯ ಬೆಂಗಳೂರಿನವರು ವೋಟು ಹಾಕಿ ತೀರ್ಮಾನ ಮಾಡಿದರೆ ಅಪ್ಪನಿಗೆ ಹೇಗಾಗಬಹುದು? ಪ್ರಸ್ತಾವ ಕೂದಲೆಳೆಯ ಅಂತರದಲ್ಲಿ ಗೆದ್ದಿತು. ವೋಟಾದ ಮೇಲೆ ರಾಜ್ಯದವರು ಊರೂರು ಸುತ್ತಿ ಸಭೆ ನಡೆಸಿದರು. ತೋಳ ಕೊಂದ ದನಕ್ಕೆ ತಲೆಗೆ 15,000 ಡಾಲರ್‌ವರೆಗೆ ಪರಿಹಾರ ಗೊತ್ತಾಯಿತು. 2023ರ ಡಿಸೆಂಬರ್‌ನಲ್ಲಿ ಆರೆಗಾನ್‌ನಿಂದ ಹತ್ತು ತೋಳ ತಂದು ಬಿಟ್ಟರು. ಒಳ್ಳೆಯ ಕೆಲಸ, ಆದರೆ ಮಾತುಕತೆ ಮೊದಲು, ತೀರ್ಮಾನ ಆಮೇಲೆ ಆಗಬೇಕಿತ್ತು. ಎಲ್ಕ್ ಯೋಜನೆಯಲ್ಲಿ ಆ ಕ್ರಮ ಸರಿಯಿತ್ತು. ಅಲ್ಲಿ ತಲೆ ಎಣಿಸಲಿಲ್ಲ, ಕಾರಣ ತೂಗಿದರು. ವರ್ಷಗಳೇ ಹಿಡಿಯಿತು, ನಿಜ. ಆದರೆ ಸೋತವರಿಗೂ ತಮ್ಮ ಮಾತಿಗೆ ಬರೆದ ಉತ್ತರವೊಂದು ಸಿಕ್ಕಿತು.

ಅಪ್ಪನ ಪ್ರಶ್ನೆ ನನ್ನನ್ನು ಬಿಟ್ಟಿರಲಿಲ್ಲ. 2012ರಲ್ಲಿ ಬಂಡೀಪುರದ ಸುತ್ತ ಪರಿಸರ ಸೂಕ್ಷ್ಮ ವಲಯ ಘೋಷಣೆಯಾದಾಗ ಅದರ ಕಾಗದ ತರಿಸಿ ಓದಿದೆ. ನಮ್ಮಲ್ಲೂ ಇಂಥ ಘೋಷಣೆಯ ಕರಡು ಹೊರಬಿದ್ದರೆ ಆಕ್ಷೇಪಣೆಗೆ 60 ದಿನ ಇರುತ್ತದೆ. ವಲಯದ ಯೋಜನೆಯನ್ನು ಸ್ಥಳೀಯ ಜನರ ಜೊತೆ ಮಾತಾಡಿ ಮಾಡಬೇಕು ಅಂತಲೂ ಇದೆ. ಅಪ್ಪನಿಗೆ ಇದನ್ನು ಫೋನಿನಲ್ಲಿ ಓದಿ ಹೇಳಿದೆ. "ಕನ್ನಡದಲ್ಲಿ ಬರ್ಕೊಡು" ಅಂದರು. ಬರೆದುಕೊಟ್ಟೆ. ಅದನ್ನು ಹಿಡಿದುಕೊಂಡು ಗ್ರಾಮ ಪಂಚಾಯ್ತಿಗೆ ಹೋಗಿ, ಆ ಯೋಜನೆ ಎಲ್ಲಿಗೆ ಬಂತು, ನಮ್ಮನ್ನ ಯಾವಾಗ ಕೇಳ್ತೀರಿ ಅಂತ ವಿಚಾರಿಸಿ ಬಂದರು. ಉತ್ತರ ಸಿಗಲಿಲ್ಲ. ಮುಂದಿನ ಸಭೆಗೂ ಹೋದರು.

ಈಗ ಇಲ್ಲಿ ಗಮನ ಉದ್ಯಾನದ ಪಶ್ಚಿಮ ಬದಿಗೆ ಹೊರಳಿದೆ. ಕೊಲರಾಡೊ ನದಿ ಹುಟ್ಟಿ ಮೊದಲು ಹರಿಯುವ ಕವುನೀಚಿ ಕಣಿವೆ ಅದು. ಅಲ್ಲಿ ವಿಲ್ಲೋ ತಿನ್ನುವುದು ಎಲ್ಕ್ ಜೊತೆಗೆ ಮೂಸ್, ಎಲ್ಕ್‌ಗಿಂತಲೂ ದೊಡ್ಡ ಜಿಂಕೆ ಜಾತಿಯ ಪ್ರಾಣಿ. 1978ರ ಸುಮಾರಿಗೆ ರಾಜ್ಯದವರು ಉತ್ತರದ ಕಣಿವೆಯೊಂದಕ್ಕೆ ತಂದು ಬಿಟ್ಟ ಮೂಸ್‌ಗಳ ಸಂತತಿ ಇಲ್ಲಿಗೂ ಹರಡಿದೆ. ಬೀವರ್ ಕೊಳಗಳು ಬತ್ತಿವೆ. 2020ರ ದೊಡ್ಡ ಕಾಡ್ಗಿಚ್ಚು ಆ ಕಡೆಯನ್ನೂ ಸುಟ್ಟಿತು. ಉದ್ಯಾನ, ಕೌಂಟಿ, ನೀರು ಪೂರೈಸುವ ಸಂಸ್ಥೆ ಎಲ್ಲರೂ ಸೇರಿ ಕಣಿವೆಯನ್ನು ಸರಿಪಡಿಸುವ ಕೆಲಸ ಶುರು ಮಾಡಿದ್ದಾರೆ. ಹೊಸ ಬೇಲಿಗಳು ಬರುತ್ತಿವೆ. ನಾನು ಮತ್ತೆ ಹಾಳೆ ತೆಗೆದಿಟ್ಟಿದ್ದೇನೆ. ಬೇಲಿಯೊಳಗೆ ಬೀವರ್ ಮರಳಿ ಬರುವ ತನಕ ನೀರು ನಿಲ್ಲಿಸುವುದು ಹೇಗೆ? ಬೇಲಿಯ ಹೊರಗೆ ಉಳಿದ ಮೂಸ್ ಎಲ್ಲಿಗೆ ಹೋಗುತ್ತದೆ, ಅಲ್ಲಿನ ಗಿಡಗಳ ಮೇಲೆ ಎಷ್ಟು ಹೊರೆ ಬೀಳುತ್ತದೆ? ನೆಲದೊಳಗಿನ ನೀರಿನ ಅಳತೆಯನ್ನು ಪ್ರತಿ ವರ್ಷ ಜನರಿಗೆ ತೋರಿಸುತ್ತೀರಾ? ಅಪ್ಪನ ಹಳೆಯ ಪ್ರಶ್ನೆಯನ್ನೂ ಸೇರಿಸಿದ್ದೇನೆ: ನೋಡಿಕೊಳ್ಳುವವರು ಯಾರು, ಎಷ್ಟು ವರ್ಷ?